ನ್ಯೂಟ್ರಲ್‌ಗೆ ಹಾಕಿ ನೋಡಿದ್ರಾ, ಅಣ್ಣಾ?

ಅಣ್ಣಾ, ಒಂದು ನಿಮಿಷ ಬೇಲಿ ಹತ್ತಿರ ಬನ್ನಿ. ನಿಮ್ಮ ಕಾರಿನ ಸದ್ದಿಗೆ ನಾಲ್ಕೂ ಟೈರು ಬದಲಾಯಿಸಬೇಕು ಅಂದ್ರಂತೆ, ಅಕ್ಕ ಹೇಳ್ತಿದ್ರು. ನಾಲ್ಕು ಟೈರು ಅಂದ್ರೆ ಸಣ್ಣ ದುಡ್ಡಾ? ದುಡ್ಡು ಬಿಚ್ಚೋಕೆ ಮುಂಚೆ ನನ್ನ ಮಾತು ಸ್ವಲ್ಪ ಕೇಳಿ.

ನಿನ್ನೆ ನಿಮ್ಮ ಜೊತೆ ತಿ. ನರಸೀಪುರಕ್ಕೆ ಬಂದಾಗ ನಾನೂ ಕಿವಿಗೊಟ್ಟು ಕೇಳ್ದೆ. ಐವತ್ತು ದಾಟಿದ ಮೇಲೆ ಶುರುವಾಯ್ತು, ಹರಿಕಥೆಯ ಶ್ರುತಿಪೆಟ್ಟಿಗೆ ಥರ ಒಂದೇ ಸಮ ಗುಂಯ್ ಅಂತ. ಇಂಥ ಸದ್ದಿಗೆ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಇದು ಇಂಜಿನ್ ಜೊತೆ ಏರಿಳಿಯುತ್ತಾ, ಚಕ್ರದ ಜೊತೆ ಏರಿಳಿಯುತ್ತಾ? ಹಿಂದೆ ಮುಂದೆ ಗಾಡಿ ಇಲ್ಲದ ನೇರ ರಸ್ತೆಯಲ್ಲಿ ಅರವತ್ತರಲ್ಲಿ ಹೋಗ್ತಾ ನ್ಯೂಟ್ರಲ್‌ಗೆ ಹಾಕಿ ನೋಡಬೇಕು. ಇಂಜಿನ್ ಮಾತ್ರ ಆಫ್ ಮಾಡಬೇಡಿ, ಬ್ರೇಕು ಸ್ಟೀರಿಂಗು ಎರಡೂ ಬಿಗಿಯಾಗಿಬಿಡುತ್ತೆ. ಇಂಜಿನ್ ವೇಗ ಇಳಿದಾಗ ಸದ್ದೂ ಇಳಿದ್ರೆ ಬಾನೆಟ್ ಕಡೆ ನೋಡಬೇಕು. ಇಂಜಿನ್ ಇಳಿದ್ರೂ ಸದ್ದು ಹಾಗೇ ಇದ್ರೆ ಚಕ್ರದ ಕಡೆ.

ಬಾನೆಟ್ ಕಡೆಯದಾದ್ರೆ ಹುಡುಕೋ ದಾರಿಯೇ ಬೇರೆ. ಹೆಡ್‌ಲೈಟು, ಏಸಿ ಎಲ್ಲಾ ಹಾಕಿದಾಗ ಸದ್ದು ಜಾಸ್ತಿಯಾದ್ರೆ ಆಲ್ಟರ್ನೇಟರ್ ಮೇಲೆ ಅನುಮಾನ. ಓಡೋ ಬೆಲ್ಟಿಗೆ ಒಂದಿಷ್ಟು ನೀರು ಚಿಮುಕಿಸಿದಾಗ ಸದ್ದು ಬದಲಾದ್ರೆ ಬೆಲ್ಟು. ಆಗ ಕೈ, ಟವೆಲ್ಲು ದೂರ ಇರಲಿ. ಹಳೇ ಕಾರಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕುಂಯ್ ಅಂದ್ರೆ ಪವರ್ ಸ್ಟೀರಿಂಗ್ ಆಯಿಲ್ ಇಳಿದಿರಬಹುದು. ನಿಂತ ಗಾಡಿಯಲ್ಲಿ ಕ್ಲಚ್ ಒತ್ತಿದಾಗ ಸದ್ದು ನಿಂತ್ರೆ ಗೇರ್‌ಬಾಕ್ಸ್ ಬೇರಿಂಗು, ಒತ್ತಿದಾಗಲೇ ಬಂದ್ರೆ ಕ್ಲಚ್ ಬೇರಿಂಗು.

ನಿಮ್ಮದು ಅದ್ಯಾವುದೂ ಅಲ್ಲ. ನಿನ್ನೆ ನೀವೇ ನ್ಯೂಟ್ರಲ್‌ಗೆ ಹಾಕಿದ್ರಿ, ಸದ್ದು ಹಾಗೇ ಇತ್ತು. ಆಮೇಲೆ ಎಡಕ್ಕೆ ಉದ್ದ ತಿರುವು ಬಂದಾಗ ಜೋರಾಯ್ತು, ಬಲಕ್ಕೆ ಎಳೆದಾಗ ಕಮ್ಮಿಯಾಯ್ತು, ಗಮನಿಸಿದ್ರಾ? ಎಡಕ್ಕೆ ತಿರುಗಿದಾಗ ಕಾರಿನ ಭಾರ ಬಲಗಡೆ ಚಕ್ರದ ಮೇಲೆ ಕೂರುತ್ತೆ. ಅದಕ್ಕೇ ನನ್ನ ಅನುಮಾನ ಬಲಗಡೆ ಮುಂದಿನ ಚಕ್ರದ ಬೇರಿಂಗ್ ಮೇಲೆ. ಟೈರಿನದಾಗಿದ್ರೆ ರಸ್ತೆ ಬದಲಾದಂಗೆಲ್ಲಾ ಸದ್ದೂ ಬದಲಾಗಬೇಕಿತ್ತು. ಸುತ್ತೂರು ದಾರಿಯ ಒರಟು ಡಾಂಬರಲ್ಲೂ ಊರ ಹತ್ತಿರದ ನುಣುಪು ಡಾಂಬರಲ್ಲೂ ನಿಮ್ಮದು ಒಂದೇ ರಾಗ. ಅಷ್ಟಾಗಿಯೂ ಅನುಮಾನ ಇದ್ರೆ ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿ. ಸದ್ದು ಜಾಗ ಬದಲಾಯಿಸಿದ್ರೆ ಮಾತ್ರ ಟೈರು.

ಬೇರಿಂಗ್ ಯಾಕೆ ಹೋಯ್ತು ಅಂತ ಕೇಳ್ತೀರಾ? ನಮ್ಮ ಸೀಮೆಯಲ್ಲಿ ಅದಕ್ಕೆ ಕಾರಣ ದೂರ ಹುಡುಕಬೇಕಾಗಿಲ್ಲ. ಬೀಚನಹಳ್ಳಿ ಅಣೆಕಟ್ಟಿನಿಂದ ಕಬಿನಿ ನೀರು ಹೆಚ್ಚಿಗೆ ಬಿಟ್ರೆ ನಂಜನಗೂಡಲ್ಲಿ ಅದೇ ನದಿ, ಕಪಿಲೆ, ಹದಿನಾರು ಕಾಲು ಮಂಟಪ ಮುಳುಗಿಸ್ತಾಳೆ. 2019ರ ಆಗಸ್ಟಿನಲ್ಲಿ ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿ ಮೇಲೇ ನೀರು ಬಂದು ಮೈಸೂರು ರಸ್ತೆ ಬಂದ್ ಮಾಡಿದ್ರಲ್ಲ. ಅಂಥ ನೀರಲ್ಲಿ ಇಳಿದು ದಾಟಿಬಿಡೋಣ ಅನ್ನೋರೇ ಜಾಸ್ತಿ. ಓಡಿ ಬಿಸಿಯಾದ ಬೇರಿಂಗು ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತೆ, ಸೀಲಿನ ಸಂದಿಯಿಂದ ನೀರನ್ನ ಒಳಕ್ಕೆ ಎಳ್ಕೊಳ್ಳುತ್ತೆ. ಗ್ರೀಸ್ ಕೆಡುತ್ತೆ, ಗುಂಡುಗಳು ಓಡೋ ದಾರಿಗೆ ತುಕ್ಕು ಹಿಡಿಯುತ್ತೆ. ಅವತ್ತೇ ಏನೂ ತಿಳಿಯಲ್ಲ. ಸದ್ದು ಬರೋದು ತಿಂಗಳುಗಳಾದ ಮೇಲೆ. ಹೋದ ಮಳೆಗಾಲದಲ್ಲಿ ನೀವು ನೀರಲ್ಲಿ ಕಾರು ಇಳಿಸಿದ್ದು ಮರೆತಿರಬಹುದು, ಬೇರಿಂಗು ಮರೆತಿಲ್ಲ.

ಇನ್ನೊಂದು ಕಾರಣ ರಸ್ತೆ ಒಕ್ಕಣೆ. ಹುರುಳಿ, ರಾಗಿ ಕಟಾವಾದ ಮೇಲೆ ಡಾಂಬರು ರಸ್ತೆಯೇ ಕಣ. ರೈತರಿಗೂ ಕೂಲಿ ಸಿಗಲ್ಲ, ಕಣ ಮಾಡೋಕೆ ಜಾಗ ಇಲ್ಲ, ಅವರ ಕಷ್ಟ ನನಗೆ ಅರ್ಥವಾಗುತ್ತೆ. ಆದ್ರೂ ಇದು ನಿಲ್ಲಲೇಬೇಕು, ಊರೂರಿಗೂ ಸಿಮೆಂಟಿನ ಕಣ ಆಗಬೇಕು. ಹುರುಳಿ ಬಳ್ಳಿ ಚಕ್ರದ ಶಾಫ್ಟಿಗೆ ಸುತ್ಕೊಂಡು ಹಗ್ಗದಂಗೆ ಬಿಗಿಯುತ್ತೆ, ಸೀಲು, ರಬ್ಬರು ಹರಿಯುತ್ತೆ. ಸೈಲೆನ್ಸರ್ ಪೈಪಿನ ಕಾವಿಗೆ ಹೊತ್ಕೊಂಡು ಕಾರುಗಳೇ ಸುಟ್ಟುಹೋಗಿದ್ದೂ ಇದೆ. ಹಾಗಾಗಿ ಬೇರಿಂಗ್ ಬಿಚ್ಚಿಸೋಕೆ ಮುಂಚೆ ಬಗ್ಗಿ ನೋಡಿ, ಹುಲ್ಲು ಗಿಲ್ಲು ಸಿಕ್ಕಿಕೊಂಡಿದ್ರೆ ಇಂಜಿನ್ ತಣ್ಣಗಾದ ಮೇಲೆ ಕಿತ್ತು ತೆಗೀರಿ.

ಆಮೇಲೆ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನದನ್ನ ಜಾಕ್ ಮೇಲೆ ಎತ್ತಿ, ಒಂದು ಕೈ ಸಸ್ಪೆನ್ಶನ್ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಲಿ ಚಕ್ರ ತಿರುಗಿಸಿ. ಬೇರಿಂಗ್ ಕೆಟ್ಟಿದ್ರೆ ಗರಗರ ಅನ್ನೋ ನಡುಕ ಸ್ಪ್ರಿಂಗಿಗೆ ಬರುತ್ತೆ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಟ ಇದ್ರೆ ತಡ ಮಾಡೋ ಹಾಗೇ ಇಲ್ಲ. ಕಾರಿನ ಅಡಿಗೆ ಮಾತ್ರ ತಲೆ ಹಾಕಬೇಡಿ.

ಗ್ಯಾರೇಜಿನಲ್ಲಿ ಎದುರಿಗೇ ನಿಂತು ನೋಡಿ. ನಿಮ್ಮ ಕಾರಿನಂಥದಕ್ಕೆ ಹೊಸ ಬೇರಿಂಗನ್ನ ಪ್ರೆಸ್ ಮೆಷಿನ್ನಿನಲ್ಲೇ ಕೂರಿಸಬೇಕು, ಒತ್ತಡ ಹೊರಗಿನ ಬಳೆ ಮೇಲೇ ಬೀಳಬೇಕು. ಸುತ್ತಿಗೆಯಲ್ಲಿ ಬಡಿದ್ರೆ ಗುಂಡುಗಳು ಒಳದಾರಿಗೆ ಗುಳಿ ಹಾಕ್ತವೆ, ಹೊಸದೂ ಬೇಗನೇ ಗುಂಯ್ ಅನ್ನುತ್ತೆ. ಏಬಿಎಸ್ ಇರೋ ಎಷ್ಟೋ ಕಾರುಗಳಲ್ಲಿ ಬೇರಿಂಗಿನ ಒಂದು ಮಗ್ಗುಲಲ್ಲಿ ಅಯಸ್ಕಾಂತದ ಪಟ್ಟಿ ಇರುತ್ತೆ. ತಿರುವುಮುರುವಾಗಿ ಕೂರಿಸಿದ್ರೆ ಡ್ಯಾಶ್‌ಬೋರ್ಡಿನ ದೀಪ ಆರೋದೇ ಇಲ್ಲ. ಹಬ್ಬಿನ ನಟ್ಟು ಹೊಸದೇ ಹಾಕಿಸಿ, ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿಸೋಕೆ ಹೇಳಿ.

ಶನಿವಾರ ಗುಂಡ್ಲುಪೇಟೆ ದಾಟಿ ಊಟಿಗೆ ಹೋಗ್ತೀವಿ ಅಂದ್ರಿ. ಕಾಡಿನ ನಡುವೆ ಚಕ್ರ ಕೈ ಕೊಟ್ರೆ ಕೆಳಗಿಳಿಯೋ ಹಾಗೂ ಇಲ್ಲ, ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟೂ ಮುಚ್ಚಿಬಿಡ್ತಾರೆ. ಮಕ್ಕಳು ಬೇರೆ ಜೊತೆಗಿರ್ತಾರೆ. ನಾಳೆ ಬೆಳಗ್ಗೆಯೇ ಬೇರಿಂಗ್ ನೋಡಿಸಿಬಿಡಿ ಅಣ್ಣಾ, ಅದಾಗೋವರೆಗೂ ಆ ಕಾರು ಊರು ಬಿಟ್ಟು ಆಚೆ ತೆಗೀಬೇಡಿ.