ಸಮುದಾಯಾಭಿಮುಖ ಸ್ನಾತಕ ಸಂಶೋಧನೆಯಲ್ಲಿ ಬ್ಯಾನರಿನ ಜ್ಞಾನಮೀಮಾಂಸೆ

ಸಾರಲೇಖ

ಪದವಿ ವಿದ್ಯಾರ್ಥಿಗಳು ಸಮಾಜದ ಅಗತ್ಯಗಳನ್ನು ಕುರಿತು ಕೈಗೊಳ್ಳುವ ಸಂಶೋಧನಾ ಯೋಜನೆಗಳನ್ನು ಪ್ರಸ್ತುತ ಪ್ರಬಂಧದಲ್ಲಿ ಬಹುಆಯಾಮೀಯವೂ ಅಂತರ್‌ಶಿಸ್ತೀಯವೂ ಸುಸ್ಥಿರವೂ ಆದ ನೆಲೆಯಿಂದ ಅಧ್ಯಯನಕ್ಕೆ ಒಳಪಡಿಸಲಾಗಿದೆ. ‘ಸಮಾಜ’ ಎಂದರೆ ಬೆಳಿಗ್ಗೆ ಹೊರಟ ಕಾಲೇಜು ಬಸ್ಸು ಮಧ್ಯಾಹ್ನದ ಊಟಕ್ಕೆ ವಾಪಸಾಗಬಹುದಾದ ದೂರದಲ್ಲಿರುವ ಊರು ಎಂದು ಇಟ್ಟುಕೊಳ್ಳಲಾಗಿದೆ. ‘ಅಗತ್ಯ’ದ ವ್ಯಾಖ್ಯೆಯನ್ನು ಆರನೇ ಅಧ್ಯಾಯದಲ್ಲಿ ಕೊಡಲಾಗುವುದು. ಪ್ರಬಂಧದಲ್ಲಿ ಐದು ಅಧ್ಯಾಯಗಳಿವೆ.

ಅಧ್ಯಾಯ 1: ಐತಿಹಾಸಿಕ ಹಿನ್ನೆಲೆ

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ಆ ಆದಿಮ ಘಟ್ಟದಲ್ಲಿ ಹುಡುಗರು ಹಳ್ಳಿಯಲ್ಲಿ ಕ್ಯಾಂಪ್ ಹೂಡಿ, ಶಾಲೆಯ ಜಗುಲಿಯಲ್ಲಿ ಮಲಗಿ, ಚರಂಡಿ ತೋಡುತ್ತಿದ್ದರು. ಅದರಲ್ಲಿ ಸೈದ್ಧಾಂತಿಕ ಚೌಕಟ್ಟು ಇರಲಿಲ್ಲ. ಬರೀ ಚರಂಡಿ ಇರುತ್ತಿತ್ತು. ಈ ಕೊರತೆಯನ್ನು ಮುಂದಿನ ದಶಕಗಳು ತುಂಬಿಕೊಟ್ಟವು. 2014ರಲ್ಲಿ ಉನ್ನತ ಭಾರತ ಅಭಿಯಾನ ಬಂದಮೇಲೆ ಕಾಲೇಜುಗಳು ಐದೈದು ಹಳ್ಳಿಗಳನ್ನು ದತ್ತು ಪಡೆಯತೊಡಗಿದವು. ದತ್ತು ಹೋದ ಸುದ್ದಿ ಕೆಲವು ಹಳ್ಳಿಗಳಿಗೆ ಇನ್ನೂ ತಲುಪಬೇಕಿದೆ. 2015ರಲ್ಲಿ ವಿಶ್ವಸಂಸ್ಥೆ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಬಣ್ಣಬಣ್ಣದ ಚೌಕಗಳಲ್ಲಿ ಹೊರತಂದಿತು. ಅಂದಿನಿಂದ ಪಿಪಿಟಿಯ ಕೊನೆಯ ಸ್ಲೈಡಿಗೆ ಆರನೇ ನಂಬರಿನ ನೀಲಿ ಚೌಕ ಅಂಟಿಸಿದರೆ ಕುಡಿಯುವ ನೀರಿನ ವಿಚಾರದಲ್ಲಿ ನಮ್ಮ ಕೈಲಾದದ್ದನ್ನು ಮಾಡಿ ಮುಗಿಸಿದಂತೆ.

ಅಧ್ಯಾಯ 2: ಸಾಹಿತ್ಯ ಸಮೀಕ್ಷೆ

ಹಿಂದಿನ ಬ್ಯಾಚಿನ ವರದಿಯಲ್ಲಿದ್ದಂತೆ. ಹೋಲಿಕೆ ಶೇ. 10 ದಾಟದಿರಲೆಂದು ‘ಆದ್ದರಿಂದ’ ಇದ್ದ ಕಡೆಯಲ್ಲೆಲ್ಲ ‘ಆದಕಾರಣ’ ಎಂದು ತಿದ್ದಲಾಗಿದೆ.

ಅಧ್ಯಾಯ 3: ಸಂಶೋಧನಾ ವಿಧಾನ

ಅನುಕೂಲ ಮಾದರಿ ವಿಧಾನವನ್ನು ಅನುಸರಿಸಲಾಗಿದೆ. ಬೆಳಿಗ್ಗೆ ಹನ್ನೊಂದಕ್ಕೆ ಅರಳೀಕಟ್ಟೆಯ ಮೇಲೆ ಕೂತಿದ್ದವರೇ ಮಾದರಿ. ಆ ಹೊತ್ತಿಗೆ ಹೊಲದಲ್ಲೋ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲೋ ನರೇಗಾ ಕೆಲಸದಲ್ಲೋ ಇದ್ದವರು ಜನಸಂಖ್ಯೆಯಲ್ಲಿ ಸೇರುತ್ತಾರೆ, ಸಂಶೋಧನೆಯಲ್ಲಿ ಸೇರುವುದಿಲ್ಲ. ದತ್ತಾಂಶ ಸಂಗ್ರಹಕ್ಕೆ ಗೂಗಲ್ ಫಾರ್ಮ್, ಅದರೊಳಗೆ ಐದು ಅಂಕಗಳ ತೃಪ್ತಿಮಾಪಕ. ‘ನಿಮ್ಮ ಗ್ರಾಮದ ನೀರಿನ ಗುಣಮಟ್ಟದ ಬಗ್ಗೆ ನೀವೆಷ್ಟು ತೃಪ್ತರು?’ ಎಂಬ ಪ್ರಶ್ನೆಗೆ ಒಬ್ಬ ಅಜ್ಜಿ, “ಮೊದ್ಲು ನೀರು ಬರ್ಲಿ ಕಣಪ್ಪ, ಆಮೇಕೆ ಗುಣ ನೋಡಣ” ಎಂದರು. ಮಾಪಕದಲ್ಲಿ ಇದಕ್ಕೆ ಜಾಗವಿಲ್ಲದ ಕಾರಣ 3, ಅಂದರೆ ‘ತಟಸ್ಥ’, ಎಂದು ದಾಖಲಿಸಲಾಯಿತು. ಅಜ್ಜಿಯ ತಾಟಸ್ಥ್ಯ ಪೈ ಚಾರ್ಟಿನಲ್ಲಿ ಹಳದಿ ಬಣ್ಣದಲ್ಲಿ ಬಂದಿದೆ.

ಇನ್ನು ಮೂಲ ಉಪಕರಣವಾದ ಬ್ಯಾನರು. ಕಾಲೇಜಿನ ಲಾಂಛನ, ಅಧ್ಯಕ್ಷರ ಭಾವಚಿತ್ರ, ವಿಭಾಗದ ಹೆಸರು, ಎಲ್ಲಕ್ಕೂ ಕೆಳಗೆ ಜಾಗ ಉಳಿದಿದ್ದರೆ ಊರಿನ ಹೆಸರು. ಇದನ್ನು ಹಿಡಿದು ನಿಂತು ಜಿಯೋಟ್ಯಾಗ್ ಫೋಟೋ ತೆಗೆಸಿಕೊಳ್ಳುವುದೇ ಕ್ಷೇತ್ರಕಾರ್ಯದ ತಿರುಳು. ಕಾಲೇಜಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಕಡತಕ್ಕೆ ಅಕ್ಷಾಂಶ ರೇಖಾಂಶ ಮೂಡಿದ ಚಿತ್ರ ಬೇಕು. ಆರು ದಶಮಾಂಶ ಸ್ಥಾನದವರೆಗೆ, ಅಂದರೆ ಗೇಣಿನಷ್ಟೂ ಆಚೀಚೆಯಾಗದಂತೆ ನಾವು ಎಲ್ಲಿ ನಿಂತಿದ್ದೆವು ಎಂಬುದು ದಾಖಲಾಗುತ್ತದೆ. ಏಕೆ ನಿಂತಿದ್ದೆವು ಎಂಬುದಕ್ಕೆ ಫೋಟೋ ತೆಗೆಯುವ ಆಪ್‌ನಲ್ಲಿ ಸೌಲಭ್ಯವಿಲ್ಲ.

ಅಧ್ಯಾಯ 4: ವರ್ಗೀಕರಣ

ಸಮಾಜಮುಖಿ ಯೋಜನೆಗಳನ್ನು ಏಳು ವರ್ಗಗಳಾಗಿಯೂ, ಪ್ರತಿ ವರ್ಗವನ್ನು ಮೂರು ಉಪವರ್ಗಗಳಾಗಿಯೂ ವಿಂಗಡಿಸಬಹುದು.

ಮೊದಲನೆಯದು ಸ್ಮಾರ್ಟ್ ವರ್ಗ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆರ್ಡುಯಿನೊ ಬೋರ್ಡು, ಅಲ್ಟ್ರಾಸಾನಿಕ್ ಸೆನ್ಸರು, ಪುಟ್ಟ ಸರ್ವೋ ಮೋಟಾರು ಸಿಗುವವರೆಗೂ ಈ ವರ್ಗಕ್ಕೆ ಸಾವಿಲ್ಲ. ಕೈ ಬೀಸಿದರೆ ಮುಚ್ಚಳ ತೆರೆಯುವ ಸ್ಮಾರ್ಟ್ ಕಸದಬುಟ್ಟಿ ಇದರ ಮೂಲಪುರುಷ. ಕಸದ ಗಾಡಿಯೇ ಬರದ ಊರಿನಲ್ಲಿ ಜನ ಇಷ್ಟು ದಿನ ಒದ್ದಾಡುತ್ತಿದ್ದದ್ದು ಮುಚ್ಚಳ ತೆರೆಯಲಾಗದೆ ಎಂಬುದು ಇದರ ಪ್ರಮೇಯ. ಅದೇ ಸೆನ್ಸರನ್ನು ಕೋಲಿಗೆ ಕಟ್ಟಿದರೆ ಅಂಧರ ಸ್ಮಾರ್ಟ್ ಊರುಗೋಲು. ಪರೀಕ್ಷಕನಾಗಿ ಕೂತು ಇದನ್ನು ಎಷ್ಟೋ ಸಲ ನೋಡಿದ್ದೇನೆ. ತಂಡದವನೊಬ್ಬ ಕಣ್ಣಿಗೆ ಕರ್ಚೀಫು ಕಟ್ಟಿಕೊಂಡು ಕಾರಿಡಾರಿನಲ್ಲಿ ನಡೆಯುತ್ತಾನೆ, ಗೋಡೆ ಬಂದಾಗ ಕೋಲು ಕೀಂಗುಡುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕಣ್ಣು ಕಾಣದವರೊಬ್ಬರ ಕೈಗೆ ಕೊಟ್ಟು ನೋಡಿದಿರಾ ಎಂದರೆ ತಂಡದ ನಾಲ್ವರೂ ಗೈಡ್ ಮುಖ ನೋಡುತ್ತಾರೆ. ಗೈಡ್ ಗಡಿಯಾರ ನೋಡುತ್ತಾರೆ.

ಎರಡನೆಯದು ಅರಿವು ವರ್ಗ. ನಲ್ಲಿಯಲ್ಲಿ ನೀರು ಬಾರದವರಿಗೆ ಕೈ ತೊಳೆಯುವ ಏಳು ಹಂತಗಳನ್ನು ಕಲಿಸುವುದು ಇತ್ಯಾದಿ.

ಮೂರನೆಯದು ಆಪ್ ವರ್ಗ. ಉಳಿದ ನಾಲ್ಕನ್ನೂ ಇಪ್ಪತ್ತೊಂದು ಉಪವರ್ಗಗಳನ್ನೂ ಓದುಗರೇ ಊಹಿಸಿಕೊಳ್ಳಬೇಕು. ಇಷ್ಟು ಪುಟ ಯಾವ ಪರೀಕ್ಷಕರೂ ತಿರುವಿ ಹಾಕುವುದಿಲ್ಲ.

ಅಧ್ಯಾಯ 5: ಫಲಿತಾಂಶ ಮತ್ತು ಚರ್ಚೆ

ರಾಜ್ಯದ ಪೂರ್ವ ತಾಲ್ಲೂಕುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಪ್ರಮಾಣವು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿರುವುದು ಕಂಡುಬಂದಿದೆ. ಕಂಡುಬಂದಿದೆಯಂತೆ! ಪಾವಗಡದ ಕಡೆ ಶಾಲೆಯ ಮಕ್ಕಳು ಬಾಯಿ ತೆರೆದು ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟೆ. ವಯಸ್ಸಾದವರ ಮಂಡಿ ಬಾಗಿದೆ, ಕೆಲವರಿಗೆ ಕತ್ತು ತಿರುಗುವುದಿಲ್ಲ. ಇದನ್ನು ಕಂಡುಹಿಡಿಯಲು ಪ್ರತಿ ವರ್ಷ ಹೊಸ ಬ್ಯಾಚ್ ಬಾಟಲಿ ಹಿಡಿದು ಬರುತ್ತದೆ. ನೀರು ತುಂಬಿಸಿಕೊಂಡು ಹೋಗುತ್ತದೆ, ಅಳೆಯುತ್ತದೆ, ಮಿತಿ ಮೀರಿದೆ ಎಂದು ಬೈಂಡ್ ಮಾಡಿಸುತ್ತದೆ. ಕೆಲವರು ಪಿವಿಸಿ ಪೈಪಿನಲ್ಲಿ ಮರಳು, ಇದ್ದಿಲು ತುಂಬಿ ಫಿಲ್ಟರ್ ಮಾಡಿ ಶಾಲೆಗೆ ದಾನ ಕೊಟ್ಟು ಹೋಗುತ್ತಾರೆ. ಮರಳು, ಇದ್ದಿಲು ಕೆಸರನ್ನು ತಡೆಯುತ್ತವೆ, ಫ್ಲೋರೈಡನ್ನು ತಡೆಯುವುದಿಲ್ಲ. ಕುದಿಸಿ ಕುಡಿಯಿರಿ ಎಂಬ ಪೋಸ್ಟರನ್ನೂ ಅದೇ ಗೋಡೆಗೆ ಅಂಟಿಸುತ್ತಾರೆ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಇರುತ್ತದೆ, ಇನ್ನಷ್ಟು ದಟ್ಟವಾಗಿ.

ಅಂಥ ಊರಿಗೆ ಬೇಕಾದದ್ದು ಏನೆಂದು ಊರಿಗೆ ಗೊತ್ತು. ಪಂಚಾಯಿತಿ ಪಕ್ಕದಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದೆ. ಮೆಂಬ್ರೇನ್ ಕಟ್ಟಿಕೊಂಡಿದೆ, ಕಾಯಿನ್ ಹಾಕುವ ಪೆಟ್ಟಿಗೆ ಕೆಟ್ಟಿದೆ. ಯಾರಾದರೂ ಬಂದು ರಿಪೇರಿ ಮಾಡಬೇಕು, ಆರು ತಿಂಗಳು ಬಿಟ್ಟು ಮತ್ತೆ ಬಂದು ನೋಡಬೇಕು. ಆದರೆ ರಿಪೇರಿ ಸಂಶೋಧನೆಯಲ್ಲ. ಮೌಲ್ಯಮಾಪನದ ಹಾಳೆಯಲ್ಲಿ ನಾವೀನ್ಯಕ್ಕೆ ಅಂಕವಿದೆ, ಪಾಠ ಮತ್ತು ಫಲಿತಗಳನ್ನು ಜೋಡಿಸುವ ಕೋಷ್ಟಕದಲ್ಲಿ 3, 2, 1 ತುಂಬಲು ಚೌಕಗಳಿವೆ, ಪೇಪರ್ ಪ್ರಕಟಿಸಿದರೆ ಅದಕ್ಕೊಂದು ಅಂಕ. ಮೆಂಬ್ರೇನ್ ಬದಲಿಸಿ ಎಂದು ಪಂಚಾಯಿತಿಗೆ ನಾಲ್ಕು ಸಲ ಅಲೆದ ಹುಡುಗಿಗೆ ಯಾವ ಚೌಕ? ಹಿಂದಿನವರು ಮಾಡಿದ್ದನ್ನು ಸರಿಮಾಡುತ್ತೇವೆ ಎಂದರೆ ‘ಈ ಟೈಟಲ್ ಆಗಿಹೋಗಿದೆ’ ಎಂದು ವಾಪಸ್ ಕಳಿಸುತ್ತಾರೆ. ವೇಳಾಪಟ್ಟಿಯೂ ಹಾಗೇ ಇದೆ. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟು ಊರು ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾಯುವಾಗ ನಮ್ಮ ಹುಡುಗರು ಹಾಲ್‌ಟಿಕೆಟ್ಟಿಗೆ ಕಾಯುತ್ತಿರುತ್ತಾರೆ. ಹುಡುಗರನ್ನು ಬೈದು ಏನು ಬಂತು? ಊರಿಗೆ ಹೋದ ದಿನ ಅವರಿಗೂ ಎಲ್ಲ ಅರ್ಥವಾಗಿರುತ್ತದೆ, ಬಸ್ಸಿನಲ್ಲಿ ವಾಪಸ್ ಬರುವಾಗ ಸುಮ್ಮನಿರುತ್ತಾರೆ. ಮಾರನೇ ದಿನ ನಾವೇ ಕೂರಿಸಿಕೊಂಡು ಅರ್ಥವಾದದ್ದನ್ನು ಬಿಡಿಸುತ್ತೇವೆ.

ಬೇರೆ ದಾರಿ ಇರಲಿಲ್ಲವೇ? 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು ಅಸ್ತ್ರ ಎಂಬ ಗುಂಪು ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು ಸುತ್ತಲಿನ ಹಳ್ಳಿಗಳಲ್ಲಿ ಸೌದೆ ಎಷ್ಟು ಉರಿಯುತ್ತದೆ, ಅದನ್ನು ತರಲು ಹೆಂಗಸರು ಎಷ್ಟು ಹೊತ್ತು ನಡೆಯುತ್ತಾರೆ ಎಂದು ಅಳೆದರು. ಅಳೆದವರು ಅಲ್ಲೇ ಉಳಿದರು. ಪುರ ಎಂಬ ಊರಿನಲ್ಲಿ ಗೋಬರ್ ಗ್ಯಾಸ್ ಸ್ಥಾವರವನ್ನು ಅಡುಗೆಗೆಂದು ಶುರುಮಾಡಿದ್ದು ನಡೆಯಲಿಲ್ಲ. ಬಿಟ್ಟು ಹೋಗದೆ ಆ ಅನಿಲದಿಂದ ಎಂಜಿನ್ ಓಡಿಸಿ ಕುಡಿಯುವ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ನಮ್ಮ ಪದ್ಧತಿಯಲ್ಲಿ ಮೊದಲ ಸೋಲಿಗೇ ವೈವಾ ಮುಗಿದು, ಸ್ಥಾವರದ ಮೇಲೆ ಬಳ್ಳಿ ಹಬ್ಬಿರುತ್ತಿತ್ತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯೂ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಹಣ ಕೊಡುತ್ತ ಬಂದಿದೆ. ಹಣ ಇಲ್ಲ, ದಾರಿ ಕಾಣದು ಎನ್ನುವ ನೆಪ ನಮಗಿಲ್ಲ. ಇರುವುದು ಜೂನಿನ ಡೆಡ್‌ಲೈನು.

ಭವಿಷ್ಯದ ವ್ಯಾಪ್ತಿ

ಕೆಟ್ಟ ಘಟಕವನ್ನು ಸರಿಮಾಡುವ ಪ್ರಾಜೆಕ್ಟಿಗೆ ಈ ವರ್ಷ ಒಂದು ತಂಡ ಅರ್ಜಿ ಹಾಕಿತ್ತು. ಸಾಮಾಜಿಕ ಪ್ರಸ್ತುತತೆ ಇದೆ, ನಾವೀನ್ಯ ಸಾಲದು ಎಂದು ಸಮಿತಿ ಹಿಂದಿರುಗಿಸಿತು. ತಂಡದವರು ಈಗ ಶೀರ್ಷಿಕೆಯನ್ನು ‘ಕೃತಕ ಬುದ್ಧಿಮತ್ತೆ ಆಧಾರಿತ ಸ್ಮಾರ್ಟ್ ನಾಣ್ಯಪೆಟ್ಟಿಗೆ’ ಎಂದು ಬದಲಿಸಿದ್ದಾರೆ. ಒಪ್ಪಿಗೆ ಸಿಕ್ಕಿದೆ, ಬ್ಯಾನರು ಪ್ರಿಂಟಿಗೆ ಹೋಗಿದೆ. ಮೆಂಬ್ರೇನಿನ ವಿಷಯವನ್ನು ಮುಂದಿನ ಬ್ಯಾಚಿನವರು ಪರಿಶೀಲಿಸಬಹುದಾಗಿದೆ.