ಮುಳುಗುವುದಕ್ಕೂ ದುಡ್ಡು ಬೇಕು

ಗೋವಾದ ಚಿಂಬಲ್‌ನ ಇಂದಿರಾನಗರದಲ್ಲಿ ಕನ್ನಡ ಧಾರಾಳ, ಚಳಿ ದುರ್ಲಭ. ಇಲ್ಲಿನ ಗ್ರಾಂಡೆ ದ್ವೀಪದ ಬಳಿ ಮುಳುಗಿದ ಹಡಗು ನೋಡಲು 3 ಮಿಲಿಮೀಟರ್ ವೆಟ್‌ಸೂಟ್ ಸಾಕು. ಆದರೆ ನಮ್ಮ ಓಣಿಯ ಹುಡುಗನಿಗೆ 1919ರಲ್ಲಿ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋನಲ್ಲಿ ಮುಳುಗಿದ ಜರ್ಮನ್ ಹಡಗುಗಳೇ ಆಗಬೇಕಂತೆ! ಆ ತಣ್ಣೀರಿಗೆ ಡ್ರೈಸೂಟ್, ಅದರೊಳಗೆ ಬೆಚ್ಚನೆ ಉಡುಪು, ಕೈಗವಸು, ತಲೆಗವಸು, ಉಸಿರಾಡಲು ಹೆಪ್ಪುಗಟ್ಟದ ರೆಗ್ಯುಲೇಟರ್. ಹಡಗಿನೊಳಗೆ ದಾರಿ ತಪ್ಪದಿರಲು ದಾರದ ರೀಲು, ಬಲೆ ಕತ್ತರಿಸಲು ಚಾಕು, ಒಂದು ಟಾರ್ಚು ಕೈಕೊಟ್ಟರೆ ಇನ್ನೆರಡು.

“ಇಷ್ಟೆಲ್ಲಾ ಹೊತ್ಕೊಂಡ್ರ ತಾನ ಮುಳುಗ್ತೀ ಬಿಡೋ ಮಗಾ” ಎಂದಳು ಅವನ ಅಜ್ಜಿ.

ಇಲ್ಲ ಅಜ್ಜಿ, ಡ್ರೈಸೂಟಿನ ಗಾಳಿ ತೇಲಿಸುತ್ತದೆ. ಮುಳುಗಲು ಸೀಸದ ತೂಕವನ್ನೂ ಕೊಳ್ಳಬೇಕು!

ಆಸೆಯುಳ್ಳವರೇ, ಮೊದಲು ತರಬೇತಿ ಮುಗಿಸಿ, ಬಾಡಿಗೆ ಸೂಟಿನಲ್ಲಿ ಇಳಿದು ನೋಡಿ. ಜೇಬು ಆಮೇಲೆ ಮುಳುಗಲಿ.