ಅಗ್ಗದಕ್ಕ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಪೇಟೆಗಳಲ್ಲಿ ಅಗ್ಗದಕ್ಕನನ್ನು ಕಾಣದ ಅಂಗಡಿಕಾರರಿಲ್ಲ. ಐವತ್ತರ ಆಚೀಚೆ ವಯಸ್ಸು, ಕಂಕುಳಲ್ಲಿ ಮಡಚಿದ ವೈರ್ ಚೀಲ, ಎರಡು ಹೆಜ್ಜೆ ಹಿಂದೆ ಗಂಡ. ಎಲ್ಲ ಸಾಮಾನಿನ ದರವೂ ಆಕೆಗೆ ಬಾಯಿಪಾಠ. ಆದರೆ ನಿಂತ ಊರಿನದಲ್ಲ, ಪಕ್ಕದ ಊರಿನದು. ಹಾವೇರಿಯಲ್ಲಿದ್ದರೆ "ರಾಣೆಬೆನ್ನೂರಾಗ ಅಗ್ಗ ಐತಿ". ರಾಣೆಬೆನ್ನೂರಲ್ಲಿ ಬ್ಯಾಡಗಿ ಅಗ್ಗ. ಬ್ಯಾಡಗಿಗೆ ಹೋದರೆ ಹಾವೇರಿಯೇ ವಾಸಿ.

ಮೊದಲು ಇದು ಬರೀ ಬಾಯಿಮಾತಾಗಿತ್ತು. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದದ್ದೇ ಬಂದದ್ದು, ಅಕ್ಕ ಆಧಾರ್ ಕಾರ್ಡು ಹಿಡಿದು ಬಸ್ ಹತ್ತಿಯೇಬಿಟ್ಟಳು. ಹತ್ತು ರೂಪಾಯಿ ಉಳಿಸಲು ಮೂವತ್ತು ಕಿಲೋಮೀಟರ್ ದಾರಿ! ಆಕೆಯದು ಸೊನ್ನೆ ಟಿಕೆಟ್, ಚೀಲ ಹೊರಲು ಬಂದ ಗಂಡನದು ರೊಕ್ಕದ ಟಿಕೆಟ್. ಆ ಲೆಕ್ಕವನ್ನು ಆತ ಒಮ್ಮೆ ಎತ್ತಿ ನೋಡಿದ. "ನೀವೇನು ಸಾಮಾನಾ, ನಿಮ್ಮನ್ನ ಲೆಕ್ಕಕ್ಕ ಹಿಡಿಯಾಕ?" ಎಂದಳು. ಅಂದಿನಿಂದ ಆತ ಕಿಟಕಿ ಕಡೆ ನೋಡುತ್ತಾನೆ.

ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿಂದ ಬಂದದ್ದು ಇಲ್ಲಿ ಹಾರವಾಗಿ ಮಂತ್ರಿಗಳ ಕೊರಳಿಗೆ ಹೋಗುತ್ತದೆ. ಬೀಗರಿಗೆಂದು ಹಾರ ಕೊಳ್ಳಲು ಹೋದ ಅಕ್ಕ ಕೇಳಿದ್ದು: "ದಾರ, ಮಣಿ, ಜರಿ ಬಿಟ್ಟು ಬರೀ ಏಲಕ್ಕೀದು ಎಷ್ಟಾಕ್ಕೈತಿ?" ಅಂಗಡಿಯವ ನಕ್ಕ. "ಇಲ್ಲಿ ಸಾಹಿತ್ಯ ಸಮ್ಮೇಳನ 2023ರಾಗ ಮುಗದೈತಿ, ನೀವಿನ್ನೂ ಅದ ರೇಟ್ ಹೇಳಾಕತ್ತೀರಿ" ಎಂದು ಚುಚ್ಚಿದಳು. ಬೀಗರು ಕೊರಳಿಂದ ತೆಗೆದಿಟ್ಟ ಹಾರ ಮರುದಿನ ಪಾಯಸಕ್ಕೆ ಬಿತ್ತೆಂದು ಸುದ್ದಿ. ನಾನು ನಂಬುತ್ತೇನೆ.

ಆಕೆಯ ನಿಜವಾದ ಕಸುಬು ನೋಡಬೇಕಾದರೆ ಬ್ಯಾಡಗಿಗೇ ಹೋಗಬೇಕು. ಚೀಲದಿಂದ ಒಂದು ಮೆಣಸಿನಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾಳೆ. ಬೀಜ ಗಲಗಲ ಎಂದರೆ ಒಣಗಿದೆ. ಮುರಿದು ಅಂಗೈಗೆ ತಿಕ್ಕಿ ಬಣ್ಣ ನೋಡುತ್ತಾಳೆ. ಸುಕ್ಕು ಎಣಿಸಿದಂತೆ ಮಾಡಿ "ಡಬ್ಬಿ ಕಾಯಿ ಅಂತ ಕಡ್ಡಿ ಕಾಯಿ ಬೆರಸಿಲ್ಲ ಹೌದಿಲ್ಲೋ?" ಎನ್ನುತ್ತಾಳೆ. ಎರಡು ಸೀನು ಬರುತ್ತವೆ, ಗಂಡನಿಗೆ ನಾಲ್ಕು. ದರ ಕೇಳಿದ್ದೇ ತಡ: "ಖಾರಾನ ಇಲ್ಲದ ಕಾಯಿಗೆ ಇಷ್ಟು ಖಾರ ರೇಟಾ?" ಬ್ಯಾಡಗಿ ಕಾಯಿಯ ಮಾನ ಇರುವುದು ಖಾರದಲ್ಲಲ್ಲ, ಬಣ್ಣದಲ್ಲಿ, 2011ರಲ್ಲಿ ಜಿಐ ಟ್ಯಾಗೂ ಸಿಕ್ಕಿದೆ. ಇದನ್ನು ವ್ಯಾಪಾರಿ ವಿವರಿಸಿದ. "ಟ್ಯಾಗ್ ಕಿತ್ತು ಕೊಡ್ರಿ, ಕಡಿಮಿ ಆಗತೈತಿ."

ಒಂದು ಸೋಮವಾರ ಬ್ಯಾಡಗಿಯ ಎಪಿಎಂಸಿ ಮಾರುಕಟ್ಟೆಗೂ ನುಗ್ಗಿದ್ದಳು. ಅಲ್ಲಿ ಇ-ಟೆಂಡರ್. ಖರೀದಿದಾರರು ದರ ಹಾಕುತ್ತಾರೆ, ಗೆದ್ದವರಾರೆಂದು ಕಂಪ್ಯೂಟರ್ ಹೇಳುತ್ತದೆ. ಎದುರಿಗೆ ಮಾತಾಡಲು ಮನುಷ್ಯನೇ ಇಲ್ಲದ ವ್ಯಾಪಾರ ನೋಡಿ ಅಕ್ಕನಿಗೆ ಉಸಿರು ಕಟ್ಟಿತು. "ಇದೂ ಒಂದು ಪ್ಯಾಟಿನಾ?"

ಆಕೆಯನ್ನು ಸೋಲಿಸಿದವನು ರಾಣೆಬೆನ್ನೂರಿನ ಸೀರೆ ಅಂಗಡಿಯ ಮುದುಕ. ಮೂವತ್ತು ಸೀರೆ ಗಾದಿಯ ಮೇಲೆ ಬಿದ್ದಿದ್ದವು. ಅಕ್ಕ ಬಾಯಿ ತೆರೆಯುವ ಮೊದಲೇ ಆತ ಮಡಚತೊಡಗಿ, "ಅಕ್ಕಾರ, ಹಾವೇರಿಗೆ ಹೋಗ್ರಿ. ಅಲ್ಲೆ ಅಗ್ಗ ಐತಿ" ಎಂದ.

ಅಕ್ಕ ಗಂಡನ ಮುಖ ನೋಡಿದಳು. ತಾನಾಗಿ ಗಿರಾಕಿಯನ್ನು ಅಟ್ಟುವವ ಏನೋ ಮುಚ್ಚಿಡುತ್ತಿರಬೇಕು, ಇಲ್ಲೇ ಅಗ್ಗವಿರಬೇಕು.

"ಎರಡು ಕಟ್ಟ್ರಿ" ಎಂದಳು. "ಫಾಲ್ ಮಾತ್ರ ಪುಕ್ಕಟೆ."